ಹಿಂದಿನ ವರಾಂಡದ ಬಾಣಂತಿಯ ಕಟ್ಟು ಬಿಚ್ಚಿದ್ದಕ್ಕೆ ನನ್ನ ವಿವರಣೆ

ನಮ್ಮ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳ ಕುರ್ಚಿಯಲ್ಲಿರುವ ಮಾನ್ಯರೇ,

ಹಿಂದಿನ ವರಾಂಡದಲ್ಲಿ ಮಂಚಕ್ಕೆ ಕಟ್ಟಿಹಾಕಿದ್ದ ಬಾಣಂತಿಯೊಬ್ಬಳ ಕೈಕಟ್ಟನ್ನು ಅಪ್ಪಣೆಯಿಲ್ಲದೆ ಬಿಚ್ಚಿದ್ದೇಕೆ, ಅದಕ್ಕಾಗಿ ನನ್ನನ್ನು ಕೆಲಸದಿಂದ ಏಕೆ ತೆಗೆಯಬಾರದು ಎಂದು ಕೇಳಿ ತಾವು ಮೆಮೋ ಕೊಟ್ಟಿದ್ದೀರಿ. ವಿವರಣೆ ಲಿಖಿತವಾಗಿಯೇ ಬರಬೇಕೆಂದು ಅಪ್ಪಣೆಯಾಗಿದೆ. ಕೆಲವು ತಿಂಗಳು ತಡವಾಗಿ ಬರೆದಿದ್ದೇನೆ. ಆದರೆ ತಮ್ಮ ಮೇಜಿಗೆ ಕಳುಹಿಸದೆ ಊರಿನ ಪತ್ರಿಕೆಗೆ ಕಳುಹಿಸುತ್ತಿದ್ದೇನೆ. ಹುಚ್ಚಾಸ್ಪತ್ರೆಗೆ ಹೋಗಿ ಬಂದವಳ ಬರವಣಿಗೆಯನ್ನು ಓದುತ್ತಾ ಕೂರಲು ತಮಗೆ ಪುರಸೊತ್ತಿಲ್ಲವೆಂದು ತಾವೇ ಒಮ್ಮೆ ಹೇಳಿದ್ದಿರಿ. ಪತ್ರಿಕೆಯನ್ನಾದರೆ ಬೆಳಗಿನ ಕಾಫಿಯ ಜೊತೆ ಓದುವ ಅಭ್ಯಾಸ ತಮಗಿದೆ.

ನನ್ನ ಪರಿಚಯ ತಮಗೆ ಬೇಡ, ಓದುವ ಇತರರಿಗೆ ಬೇಕು. ನನ್ನ ಹೆಸರು ದೇವಿರಮ್ಮ. ನಂಜನಗೂಡಿನ ಕಡೆಯ ಒಕ್ಕಲು ಮನೆತನದವಳು. ನರ್ಸಿಂಗ್ ಓದಿ, ಮೈಸೂರಿನ ಈ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹಲವು ವರ್ಷ ದುಡಿದವಳು. ಎರಡು ವರ್ಷದ ಹಿಂದೆ ಗಂಟಲುಮಾರಿ ಬಂದು ನಮ್ಮ ವಾರ್ಡಿನಲ್ಲಿ ಒಂದರ ಹಿಂದೊಂದು ಮಕ್ಕಳು ಹೋದವು. ಆ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ನಿದ್ದೆ ಹೋಯಿತು. ಆಮೇಲೆ, ಆ ಮಕ್ಕಳಿಗೆ ಸಾವು ತಗುಲಿದ್ದು ನನ್ನ ಕೈಯಿಂದಲೇ ಎಂಬ ಯೋಚನೆ ಹತ್ತಿಕೊಂಡಿತು. ಕೈ ತೊಳೆಯಲು ಶುರುಮಾಡಿದೆ. ಲೈಸಾಲ್ ಹಾಕಿ ತೊಳೆದು ತೊಳೆದು ಬೆರಳಿನ ಚರ್ಮ ಸುಲಿದು ಬಂತು. ಆಗ ನಮ್ಮ ಮೇಟ್ರನ್ ಹೊಸ ಹುಡುಗಿಯರನ್ನು ಕರೆದು, "ಶುಚಿ ಅಂದ್ರೆ ಹೀಗಿರ್ಬೇಕು, ದೇವಿರಮ್ಮನ್ನ ನೋಡಿ ಕಲೀರಿ" ಎಂದರು. ಅವರನ್ನು ದೂರುವುದಿಲ್ಲ. ಕಾಯಿಲೆಯೊಂದಕ್ಕೆ ಇಡೀ ಆಸ್ಪತ್ರೆಯಲ್ಲಿ ಸಿಕ್ಕ ಏಕೈಕ ಮೆಚ್ಚುಗೆ ಅದು.

ಊಟ ಬಿಟ್ಟೆ. ಯಾರಾದರೂ ಹತ್ತಿರ ಬಂದರೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂಲೆ ಸೇರುತ್ತಿದ್ದೆ. ನನ್ನ ಅಣ್ಣ ಮಹದೇವು ಊರಿನಿಂದ ಬಂದು ಕರೆದುಕೊಂಡು ಹೋದ. ಗಾಳಿ ಸೋಕಿದೆ ಎಂದು ಕೆಲವರು ಬೇವಿನ ಸೊಪ್ಪಿನಲ್ಲಿ ಹೊಡೆಸಿದರು. ಅವರ ಮೇಲೂ ನನಗೆ ಸಿಟ್ಟಿಲ್ಲ, ಏಕೆಂದರೆ ಅವರು ವೈದ್ಯಕೀಯ ಓದಿದವರಲ್ಲ. ಕೊನೆಗೆ ಅಣ್ಣ ನನ್ನನ್ನು ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದ.

ಅಲ್ಲಿ ಅಂಬುಜಮ್ಮ ಎಂಬ ನರ್ಸ್ ಇದ್ದರು. ನನ್ನ ಕೈ ಮುಟ್ಟಿದರೆ ಸಾಯುತ್ತೀರಿ ಎಂದು ಅವರಿಗೂ ಹೇಳಿದೆ. ಅಲ್ಲಿಯವರೆಗೆ ನಾನು ಈ ಮಾತು ಹೇಳಿದಾಗಲೆಲ್ಲ ಜನ "ಏನೂ ಇಲ್ಲ ಸುಮ್ಮನಿರು" ಎಂದು ಗದರಿದ್ದರು, ಇಲ್ಲವೇ ನಕ್ಕಿದ್ದರು. ಅಂಬುಜಮ್ಮ ಎರಡೂ ಮಾಡಲಿಲ್ಲ. "ಹಾಗನ್ನಿಸ್ತಾ ಇದ್ರೆ ನಿಮಗೆ ಊಟ ಹೇಗೆ ಇಳಿಯುತ್ತೆ, ಪಾಪ" ಎಂದರು. ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ತಮ್ಮ ಅಂಗೈ ಮೇಲು ಮಾಡಿ ಇಟ್ಟುಕೊಂಡು ಕುಳಿತರು. ಮುಟ್ಟು ಎನ್ನಲಿಲ್ಲ. ದಿನಾ ಬಂದು ಹಾಗೇ ಕೂರುತ್ತಿದ್ದರು. ಒಂದು ಮಧ್ಯಾಹ್ನ ನಾನೇ ಆ ಕೈಯ ಮೇಲೆ ಕೈ ಇಟ್ಟು, ಆಮೇಲೆ ಸಂಜೆಯವರೆಗೆ ಅತ್ತೆ, ಅವರು ಸತ್ತೇಹೋದರು ಎಂದು. ಮಾರನೆಯ ಬೆಳಗ್ಗೆ ಅವರು ಬಾಗಿಲಲ್ಲಿ ನಿಂತು, "ನೋಡಿ, ಡ್ಯೂಟಿಗೆ ಬಂದೆ" ಎಂದರು. ಮಾತ್ರೆ ಕೊಟ್ಟರು, ಕರೆಂಟು ಚಿಕಿತ್ಸೆಯನ್ನೂ ಕೊಟ್ಟರು, ಅವುಗಳಿಂದ ನನಗೆ ಗುಣವಾಯಿತು ಎಂಬುದನ್ನು ಮರೆಮಾಚುವುದಿಲ್ಲ. ಆದರೆ ಮಾತ್ರೆ ನುಂಗಲು ನಾನು ಬಾಯಿ ತೆರೆದದ್ದು ಆ ಬೆಳಗಿನ ನಂತರ.

ಗುಣವಾಯಿತು, ಕೆಲಸಕ್ಕೆ ಸೇರಬಹುದು ಎಂದು ಅಲ್ಲಿನ ವೈದ್ಯರು ಬರೆದುಕೊಟ್ಟದ್ದನ್ನು ತಂದು ತಮ್ಮ ಮುಂದೆ ನಿಂತೆ. ತಾವು ಓದಿದಿರಿ. "ಅವ್ರೇನೋ ಬರೀತಾರಮ್ಮ. ಮಕ್ಕಳ ತಾಯಂದಿರು ಏನಂತಾರೆ, ಅದನ್ನೂ ನೋಡ್ಬೇಕಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ" ಎಂದಿರಿ. ನನ್ನ ಒಳ್ಳೆಯದಕ್ಕೇ ಹಿಂದಿನ ಸ್ಟೋರ್ ಕೋಣೆಯಲ್ಲಿ ಬ್ಯಾಂಡೇಜು ಕತ್ತರಿಸಿ ಸುತ್ತುವ ಕೆಲಸಕ್ಕೆ ಹಾಕಿದಿರಿ. ರೋಗಿಯ ಬಾಯಿಗೆ ಥರ್ಮಾಮೀಟರ್ ಇಡುವಷ್ಟು ನನ್ನನ್ನು ನಂಬಲಾಗದು. ಮೊಳದುದ್ದದ ಕತ್ತರಿ ಕೊಟ್ಟು ಒಂಟಿಯಾಗಿ ಕೂರಿಸುವಷ್ಟು ನಂಬಬಹುದು. ಮನೋರೋಗದ ವಿಷಯದಲ್ಲಿ ತಮ್ಮ ಈ ಸೂಕ್ಷ್ಮ ವಿವೇಚನೆಗೆ ನಾನು ಅಂದೇ ಕೈಮುಗಿಯಬೇಕಿತ್ತು. ತಡವಾಯಿತು, ಕ್ಷಮಿಸಬೇಕು.

ಇನ್ನು ಅಪರಾಧದ ವಿಷಯ. ಭಾಗ್ಯಮ್ಮ ಎಂಬ ಹೆಣ್ಣುಮಗಳನ್ನು ಅವಳ ಗಂಡ ಮರಿಯಯ್ಯ ವರುಣದ ಕಡೆಯ ಹಳ್ಳಿಯಿಂದ ಗಾಡಿಯಲ್ಲಿ ಕರೆತಂದ. ಹೆರಿಗೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ನಿದ್ದೆಯಿಲ್ಲ, ಒಂದೇ ಸಮನೆ ಮಾತು, ಈ ಕೂಸು ನನ್ನದಲ್ಲ, ಬದಲಾಯಿಸಿದ್ದಾರೆ ಎಂಬ ಹಟ. ಹಳ್ಳಿಯವರು ಬಾಣಂತಿ ಸನ್ನಿ ಎನ್ನುತ್ತಾರಲ್ಲ, ಅದು. ಹೆರಿಗೆ ವಾರ್ಡಿನವರು ಹುಚ್ಚಿಯನ್ನು ಸೇರಿಸಿಕೊಳ್ಳುವುದಿಲ್ಲ ಎಂದರು. ಹೆಂಗಸರ ವಾರ್ಡಿನವರು ಬಾಣಂತಿ ನಮಗೆ ಸೇರಿದವಳಲ್ಲ ಎಂದರು. ಇಬ್ಬರ ಮಾತಿನಲ್ಲೂ ನ್ಯಾಯ ಕಂಡ ತಾವು ಇಬ್ಬರಿಗೂ ನೋವಾಗದಂತೆ ಅವಳನ್ನು ಮುರಿದ ಕುರ್ಚಿಗಳು, ತುಕ್ಕು ಹಿಡಿದ ಮಂಚಗಳು ಇರುವ ಹಿಂದಿನ ವರಾಂಡಕ್ಕೆ ಸೇರಿಸಿದಿರಿ. ದಸರಾಕ್ಕೆಂದು ಮುಂಭಾಗಕ್ಕೆ ಹೊಸದಾಗಿ ಸುಣ್ಣಬಣ್ಣ ಆಗಿತ್ತು. ಹೊರಗಿನಿಂದ ಬರುವವರಿಗೆ ಹಿಂಭಾಗ ಕಾಣುವುದಿಲ್ಲ ಎಂಬುದು ಒಂದು ಸಮಾಧಾನ.

ಕೂಸನ್ನು ಮರಿಯಯ್ಯನ ತಾಯಿಯ ಕೈಗೆ ಕೊಟ್ಟು ಊರಿಗೆ ಕಳುಹಿಸಿದರು. ತಾಯಿಯನ್ನು ಮಂಚಕ್ಕೆ ಕಟ್ಟಿದರು. ಕಟ್ಟಲು ಬಳಸಿದ್ದು ನಾನು ಸುತ್ತಿಟ್ಟಿದ್ದ ಬ್ಯಾಂಡೇಜುಗಳನ್ನೇ. ಅವನ್ನು ಕೇಳಿಕೊಂಡು ಬಂದಾಗ ಯಾರಿಗೋ ಮೂಳೆ ಮುರಿದಿದೆ ಎಂದುಕೊಂಡು ನಾನೇ ಎತ್ತಿಕೊಟ್ಟಿದ್ದೆ.

ಬೆಂಗಳೂರಿಗೆ ಕಳುಹಿಸಲು ಮ್ಯಾಜಿಸ್ಟ್ರೇಟರ ಅಪ್ಪಣೆ ಬರಬೇಕಿತ್ತು. ಜ್ವರದವರನ್ನು, ಕ್ಷಯದವರನ್ನು ಪೊಲೀಸರ ಕಾವಲಿನಲ್ಲಿ ಕಳುಹಿಸಿದ್ದನ್ನು ನಾನು ಎಂದೂ ಕಂಡಿಲ್ಲ. ಮನಸ್ಸು ಕೆಟ್ಟವರಿಗೆ ಮಾತ್ರ ಆ ಮರ್ಯಾದೆ. ಅಪ್ಪಣೆ ಬರುವವರೆಗೆ ಅವಳು ಅಲ್ಲೇ. ಹೊರರೋಗಿಗಳ ಜೊತೆ ಬಂದವರು ತಮಾಷೆ ನೋಡಲು ಸುತ್ತಿ ಬಳಸಿ ಹಿಂದಕ್ಕೆ ಬರುತ್ತಿದ್ದರು. ಅವಳು ಕೂಗುತ್ತಿದ್ದದ್ದು ಒಂದೇ ಮಾತು: "ಸುಡ್ತದೆ, ಸುಡ್ತದೆ, ಬೆಂಕಿ ಮಡಗ್ಬುಟ್ಟವ್ರೆ ಕಣ್ರವ್ವ." ಎಲ್ಲರಿಗೂ ನಗು. ಎಲ್ಲಿಯ ಬೆಂಕಿ? ತಮ್ಮ ಕೋಣೆಗೂ ಕೂಗು ಕೇಳುತ್ತಿತ್ತು. ತಾವು ಕಿಟಕಿ ಮುಚ್ಚಿಸಿದಿರಿ. ತಮ್ಮ ಮನಸ್ಸಿನ ಆರೋಗ್ಯ ಚೆನ್ನಾಗಿದೆ ಎನ್ನುವುದಕ್ಕೆ ಬೇರೆ ಸರ್ಟಿಫಿಕೇಟು ಏಕೆ ಬೇಕು? ಮನುಷ್ಯರು ಕೂಗಿದರೆ ಎದ್ದು ಹೋಗಿ ನೋಡಬೇಕೆನ್ನಿಸುವುದು ನನ್ನಂಥ ರೋಗಿಷ್ಠರಿಗೆ.

ನಾನಾದರೂ ಕೂಡಲೇ ಎದ್ದು ಹೋಗಲಿಲ್ಲ. ನನಗೆ ಹೆದರಿಕೆಯಿತ್ತು. ಅವಳ ಪಕ್ಕ ನನ್ನನ್ನು ಕಂಡರೆ, ನೋಡಿ, ಜಾತಿ ಜಾತಿ ಸೇರಿತು ಎನ್ನುತ್ತಾರೆ. ಇದ್ದ ಕೆಲಸವೂ ಹೋಗುತ್ತದೆ. ಬಾಗಿಲು ಮುಂದಕ್ಕೆ ಮಾಡಿಕೊಂಡು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಮಡಿಸುತ್ತಿದ್ದೆ. ಊಟದ ಹೊತ್ತಿಗೆ ವರಾಂಡ ಖಾಲಿಯಾದಾಗ ಕೂಗು ನಿಂತು ನರಳಾಟವಾಯಿತು. ಆಗ ಹೋದೆ.

ಮರಿಯಯ್ಯ ಮಂಚದ ಕಾಲಿನ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತಿದ್ದ. "ಕಟ್ಟುವಾಗ ನಂಗೂ ಇಡ್ಕೊ ಅಂದ್ರು ಕಣವ್ವ. ಇಡ್ಕಂಡೆ. ಅವಾಗಿಂದ ನನ್ನ ಮಖ ನೋಡ್ತಿಲ್ಲ ಅವ್ಳು" ಎಂದ. ನಾನು ಭಾಗ್ಯಮ್ಮನನ್ನು ಕೇಳಿದೆ, "ಎಲ್ಲಿ ಸುಡ್ತದವ್ವ?" ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಬಂದಾಗಿನಿಂದ ಯಾರೂ ಆ ಪ್ರಶ್ನೆ ಕೇಳಿರಲಿಲ್ಲವೆಂದು ಕಾಣುತ್ತದೆ. ಗದ್ದವನ್ನು ಎದೆಯ ಕಡೆ ಬಾಗಿಸಿ, "ಇಲ್ಲಿ" ಎಂದಳು.

ಕುಪ್ಪಸ ನೆನೆದು ಒಣಗಿ ರಟ್ಟಿನಂತಾಗಿತ್ತು. ಕೂಸನ್ನು ಕಳುಹಿಸಿದವರಿಗೆ ಹಾಲು ಎಲ್ಲಿಗೆ ಹೋಗಬೇಕೆಂಬ ಯೋಚನೆ ಬಂದಿರಲಿಲ್ಲ. ಎದೆ ಎರಡೂ ಕಲ್ಲಿನಂತೆ ಗಟ್ಟಿಯಾಗಿ, ಮುಟ್ಟಿದರೆ ಸುಡುವಷ್ಟು ಕಾದಿದ್ದವು. ಇದನ್ನು ಗುರುತಿಸಲು ಓದು ಬೇಕಿಲ್ಲ. ಮಕ್ಕಳನ್ನು ಹೆತ್ತ ಯಾವ ಹೆಂಗಸಾದರೂ ಹೇಳುತ್ತಾಳೆ. ನಮ್ಮ ವಾರ್ಡುಗಳಲ್ಲಿ ಅಂಥವರಿಗೆ ಬರವಿಲ್ಲ. ಆದರೆ ಒಮ್ಮೆ ಹುಚ್ಚಿ ಎಂದು ಹೆಸರಿಟ್ಟ ಮೇಲೆ ಅವಳಿಗೆ ಎದೆ, ಹಾಲು, ಬೆನ್ನುನೋವು, ಹಸಿವು ಯಾವುದೂ ಇರುವುದಿಲ್ಲ. ಬರೀ ಹುಚ್ಚು ಇರುತ್ತದೆ. ಅವಳು ಹೇಳಿದ ನಿಜವೂ ಅದರ ಲೆಕ್ಕಕ್ಕೇ ಸೇರುತ್ತದೆ.

ಒಂದು ಕೈ ಬಿಚ್ಚಿದೆ. ಬಿಚ್ಚಿದ ಕೂಡಲೇ ಅವಳು ನನ್ನ ಕೂದಲು ಹಿಡಿದು ಎಳೆದಳು, ನೀನೇ ಕೂಸನ್ನು ಬದಲಾಯಿಸಿದವಳು ಎಂದು. ಇದನ್ನು ತಮ್ಮ ಅನುಕೂಲಕ್ಕೆಂದೇ ಬರೆಯುತ್ತಿದ್ದೇನೆ. ಮರಿಯಯ್ಯ ಬಿಡಿಸಲು ಬಂದ, ಬೇಡ ಎಂದೆ. "ಕೂಸು ಎಲ್ಲೋಯ್ತು ಅಂತ ಸಂಕಟ ಆಗ್ತದಲ್ವಾ" ಎಂದೆ. ಬಹಳ ಹೊತ್ತಿನ ಮೇಲೆ ಹಿಡಿತ ತಾನಾಗಿ ಸಡಿಲವಾಯಿತು. ಇನ್ನೊಂದು ಕೈಯನ್ನೂ ಬಿಚ್ಚಿ, ಬಿಸಿನೀರಿನ ಬಟ್ಟೆ ಇಟ್ಟು ಹಾಲು ಹಿಂಡಿದೆ. ಅರ್ಧ ಆಗುವುದರೊಳಗೆ ಅವಳು ನನ್ನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೋದಳು. ಮರಿಯಯ್ಯ ಗೋಡೆಯ ಕಡೆ ತಿರುಗಿ ಕುಳಿತಿದ್ದವನು ಮೆಲ್ಲಗೆ ಕೇಳಿದ, "ವಾಸಿ ಆಗ್ಬುಡ್ತಾ ಅವ್ವ?" ಇಲ್ಲ ಎಂದೆ. ಹಾಲು ಹಿಂಡಿದರೆ ಸನ್ನಿ ಹೋಗುವುದಿಲ್ಲ, ಅದಕ್ಕೆ ಮದ್ದು ಬೇರೆ ಇದೆ, ಬೆಂಗಳೂರಿಗೆ ಹೋಗಲೇಬೇಕು ಎಂದೆ.

ಅದೇ ಹೊತ್ತಿಗೆ ತಾವು ಪರಿವಾರ ಸಮೇತ ದಯಮಾಡಿಸಿದಿರಿ. ಯಾರು ಬಿಚ್ಚಿದ್ದು ಎಂದು ಕೇಳಿದಿರಿ. "ನಾನು, ಸಾರ್" ಎಂದೆ. "ಸರಿಹೋಯ್ತು, ಹುಚ್ಚಿಗೆ ಹುಚ್ಚಿ ಕಾವಲು" ಎಂದಿರಿ. ಹಿಂದಿದ್ದವರೆಲ್ಲ ನಕ್ಕರು. ಆ ನಗುವಿಗೆ ಭಾಗ್ಯಮ್ಮ ಎಚ್ಚರಗೊಂಡು ಮತ್ತೆ ಕೂಗತೊಡಗಿದಳು, ತಮ್ಮ ಎದುರಿಗೇ ಮತ್ತೆ ಕಟ್ಟಿದರು. ಎಂಟು ಕೈಗಳು ಹಿಡಿದ ಆ ಹೆಣ್ಣಿಗಿಂತ ತಮಗೆ ಅಂದು ಅಪಾಯಕಾರಿಯಾಗಿ ಕಂಡವಳು ನಾನು. ಸಂಜೆಯೊಳಗೆ ಮೆಮೋ ಬಂತು.

ಮ್ಯಾಜಿಸ್ಟ್ರೇಟರ ಅಪ್ಪಣೆ ಬಂದಾಗ ಅವಳ ಜೊತೆ ಒಬ್ಬ ನರ್ಸನ್ನು ಕಳುಹಿಸಿ ಎಂದು ಬೇಡಿದೆ. ಹೋಗಲು ಯಾರೂ ಒಪ್ಪಲಿಲ್ಲ, ನನ್ನನ್ನು ತಾವು ಒಪ್ಪಲಿಲ್ಲ. ನಾನು ರಜೆ ಹಾಕಿ ಅದೇ ರೈಲು ಹತ್ತಿದೆ. ಕಾವಲಿಗೆ ಬಂದ ಪೊಲೀಸು ಪೇದೆ ಒಳ್ಳೆಯ ಮನುಷ್ಯ. ಕೈಕಟ್ಟು ಬೇಡ ಬಿಡಿ, ನೀವಿದ್ದೀರಲ್ಲ ಎಂದು ಪಕ್ಕದಲ್ಲಿ ಕುಳಿತುಕೊಂಡ. ಮದ್ದೂರಿನಲ್ಲಿ ಅವಳಿಗೆ ವಡೆ ಕೊಡಿಸಿದವನೂ ಅವನೇ. ಹುಚ್ಚಿಯನ್ನು ಮನುಷ್ಯಳೆಂದು ತಿಳಿಯಲು ಪೊಲೀಸು ಇಲಾಖೆಯಲ್ಲಿ ಅಡ್ಡಿಯಿಲ್ಲವೆಂದು ಅಂದು ಗೊತ್ತಾಯಿತು.

ಸಂಕ್ರಾಂತಿ ಕಳೆದ ಮೇಲೆ ಭಾಗ್ಯಮ್ಮ ಗುಣವಾಗಿ ಊರಿಗೆ ಬಂದಳು. ಹೋದ ವಾರ ಕೂಸಿಗೆ ಸಿಡುಬು ಬಾರದಂತೆ ದೇವಿ ಹಾಕಿಸಲು ಗಂಡನ ಜೊತೆ ನಮ್ಮಲ್ಲಿಗೇ ಬಂದಿದ್ದಳು. ಸಾಲು ನೋಡಿಕೊಳ್ಳುತ್ತಿದ್ದ ನಮ್ಮ ಆಯಾ ಒಬ್ಬಳು ಗುರುತು ಹಿಡಿದು, "ಅದೇ ಹುಚ್ಚಿ ಕಣ್ರೇ" ಎಂದಳು. ಭಾಗ್ಯಮ್ಮನ ಹಿಂದೆ ಮುಂದೆ ನಿಂತಿದ್ದ ಹೆಂಗಸರು ತಮ್ಮ ಮಕ್ಕಳನ್ನು ಎತ್ತಿಕೊಂಡು ದೂರ ಸರಿದರು. ಭಾಗ್ಯಮ್ಮ ಕೂಸನ್ನು ಬಿಗಿಯಾಗಿ ತಬ್ಬಿಕೊಂಡು ನಿಂತಲ್ಲೇ ನಿಂತಳು. ಅವಳಿಗೆ ಬೆಂಗಳೂರಿನಲ್ಲಿ ಗುಣವಾಗಿತ್ತು, ಇಲ್ಲಿಯ ನಮಗೆ ಯಾರಿಗೂ ಆಗಿರಲಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಪಂಚವಾರ್ಷಿಕ ಯೋಜನೆಗಳು ಎರಡಾದವು, ಅಣೆಕಟ್ಟುಗಳು ಎದ್ದವು. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಮನಸ್ಸು ನೊಂದವರಿಗೆ ಬಾಗಿಲು ಇರುವ ಒಂದು ಕೋಣೆ ಕೊಡಿ. ನಮ್ಮ ನರ್ಸುಗಳಲ್ಲಿ ಒಬ್ಬಿಬ್ಬರನ್ನು ಬೆಂಗಳೂರಿಗೆ ಕಳುಹಿಸಿ ಈ ಶುಶ್ರೂಷೆ ಕಲಿಸಿ. ನಾನು ಕಲಿತವಳೆಂದು ಹೇಳಿಕೊಳ್ಳುತ್ತಿಲ್ಲ. ನಾನು ಅಲ್ಲಿ ಮಲಗಿದ್ದವಳು, ಅಷ್ಟೇ. ಬಾಣಂತಿಯರಿಗೆ ಹೀಗಾದಾಗ ಯಾವ ವಾರ್ಡು ಎಂಬ ಜಗಳವನ್ನು ತಾವೇ ಕುಳಿತು ಇತ್ಯರ್ಥ ಮಾಡಿ. ನನ್ನನ್ನು ಮಕ್ಕಳ ವಾರ್ಡಿಗೆ ವಾಪಸು ಹಾಕಿ, ಇಲ್ಲವೇ ಕೆಲಸದಿಂದ ತೆಗೆಯಿರಿ. ಎರಡರ ನಡುವೆ ಕೂರಿಸಿ ಅದನ್ನು ದಯೆ ಎಂದು ಮಾತ್ರ ಕರೆಯಬೇಡಿ. ಕಟ್ಟು ಬಿಚ್ಚಿದ್ದು ತಪ್ಪಾಯಿತು ಎಂದು ಬರೆದುಕೊಟ್ಟರೆ ಮೆಮೋ ಹಿಂತೆಗೆಯುವುದಾಗಿ ತಮ್ಮ ಕಚೇರಿಯವರು ಹೇಳಿಕಳುಹಿಸಿದರು. ಬರೆದುಕೊಡಲಾರೆ.

ಇಂದು ಬೆಳಗ್ಗೆ ಒಬ್ಬ ವಯಸ್ಸಾದ ಮೇಷ್ಟ್ರನ್ನು ಅದೇ ಹಿಂದಿನ ವರಾಂಡಕ್ಕೆ ತಂದಿದ್ದಾರೆ. ಯಾರೊಡನೆಯೂ ಮಾತಿಲ್ಲ, ಕಣ್ಣೀರು ಸುರಿಯುತ್ತಿದೆ, ಊಟದ ತಟ್ಟೆ ಮುಟ್ಟಿಲ್ಲ. ಕೂಗಾಡುವವರಲ್ಲವಾದ್ದರಿಂದ ಕಟ್ಟುವ ಶ್ರಮವನ್ನೂ ಯಾರೂ ತೆಗೆದುಕೊಂಡಿಲ್ಲ. ನಾನು ಹೋಗಿ ಅವರ ಹತ್ತಿರ ಕೂರುತ್ತೇನೆ. ಮುಂದಿನ ಮೆಮೋ ಕಳುಹಿಸುವುದಿದ್ದರೆ ಸ್ಟೋರಿನಲ್ಲಿ ಹುಡುಕಿಸಬೇಡಿ.

ಇಂತಿ,
ಗುಣವಾದ ಕಾಯಿಲೆಗೆ ಇನ್ನೂ ಶಿಕ್ಷೆ ಅನುಭವಿಸುತ್ತಿರುವ, ಸದ್ಯಕ್ಕೆ ಸ್ಟಾಫ್ ನರ್ಸ್,
ದೇವಿರಮ್ಮ
ಕೃಷ್ಣಮೂರ್ತಿಪುರಂ, ಮೈಸೂರು
೧೯೬೧