ಬಿರುಕಿನ ಮೇಲಿನ ಗಾಜು

ಗುರುವಾರ, ಮಧ್ಯಾಹ್ನ

ನನ್ನ ಮುದ್ದಿನ ಅಕ್ಕನಿಗೆ ತಂಗಿಯ ನಮಸ್ಕಾರ.

ಫೋನು ಕೈಯಲ್ಲೇ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹತ್ತಿತು ಎಂದು ನಗಬೇಡ. ಫೋನಿನಲ್ಲಾದರೆ ನಾನು ಎರಡು ಮಾತಾಡುವಷ್ಟರಲ್ಲಿ ಒಲೆಯ ಮೇಲೆ ಏನೋ ಇದೆ ಎಂದು ಇಟ್ಟುಬಿಡುತ್ತೀಯ. ಇತ್ತೀಚೆಗಂತೂ ಅಂಗಡಿಯ ಮಾತೆತ್ತಿದರೆ ಸಾಕು, ನಿನ್ನ ಒಲೆ ಹತ್ತಿಕೊಳ್ಳುತ್ತದೆ.

ಅಜ್ಜ ಕಟ್ಟಿಸಿದ, ಅಪ್ಪ ಕೊನೆಯವರೆಗೂ ನಡೆಸಿದ ಬಟ್ಟೆ ಅಂಗಡಿ ನಮ್ಮಿಬ್ಬರ ಪಾಲಿಗೆ ಬಂದಾಗ ನೀನು ಹೇಳಿದ್ದು ಒಂದೇ ಮಾತು, ನಿನಗೆ ಹೇಗೆ ಬೇಕೋ ಹಾಗೆ ಮಾಡು ಎಂದು. ಅದನ್ನೇ ನಂಬಿ ಕೆಲಸಕ್ಕೆ ಕೈಹಾಕಿದೆ. ಕೆಳಗೆ ಬಾಡಿಗೆಗೆ ಕನ್ನಡಕದ ಕಂಪನಿ, ಮೇಲೆ ನನ್ನ ಹೊಲಿಗೆ ಘಟಕ. ಎದುರಿನ ಕಮಾನು, ಕಬ್ಬಿಣದ ಕಂಬಗಳು, ಮರದ ಮೆಟ್ಟಿಲು ಎಲ್ಲ ಇದ್ದ ಹಾಗೇ ಇರಬೇಕು, ಒಳಗೆ ಮಾತ್ರ ಹೊಸ ದೀಪ, ಹೊಸ ಗಾಳಿ. ಆದರೆ ಮೆಟ್ಟಿಲ ಹಿಂದಿನ ಗೋಡೆಯ ಬಿರುಕು ನೋಡಿ ಇಂಜಿನಿಯರು ಕೈ ಕಟ್ಟಿ ನಿಂತುಬಿಟ್ಟರು. ಗೋಡೆ ಇನ್ನೂ ಜರುಗುತ್ತಿದ್ದರೆ ಕಟ್ಟಡ ಕೆಡವುವುದೊಂದೇ ದಾರಿ ಎಂದರು.

ಅದನ್ನು ತಿಳಿಯಲು ಅವರು ಮಾಡಿದ್ದು ನಿನಗೂ ಗೊತ್ತು. ಬೆರಳಗಲದ ತೆಳ್ಳನೆಯ ಗಾಜಿನ ಪಟ್ಟಿಗಳನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗೂ ಗಾರೆ ಮೆತ್ತಿಸಿದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಸೀಳುತ್ತದೆ. ಒಂದು ತಿಂಗಳು ಸೀಳದೆ ಉಳಿದರೆ ಗೋಡೆ ಗಟ್ಟಿ ಎಂದು ಲೆಕ್ಕ. ಮೊದಲ ವಾರವೇ ಸೀಳಿತು. ಮತ್ತೆ ಅಂಟಿಸಿದರು, ಮತ್ತೆ ಸೀಳಿತು. ಅಪ್ಪ ಹೋದಾಗ ಅಳದವಳು ಅವತ್ತು ಮೆಟ್ಟಿಲ ಮೇಲೆ ಕುಳಿತು ಗೊಳೋ ಎಂದು ಅತ್ತೆ ಅಕ್ಕ.

ಅತ್ತು ಮುಗಿದ ಮೇಲೆ ಅನುಮಾನ ಶುರುವಾಯಿತು. ಗಾಜು ಒಡೆಯುತ್ತಿದ್ದುದು ಯಾರಾದರೂ ಬಂದುಹೋದ ಮೇಲೆಯೇ. ಮೊದಲು ಪಕ್ಕದ ಪಾತ್ರೆ ಅಂಗಡಿಯವರ ಮೇಲೆ ಕಣ್ಣುಬಿತ್ತು. ಕಟ್ಟಡ ಬಿದ್ದರೆ ಜಾಗ ಕೊಳ್ಳುತ್ತೇನೆ ಎಂದು ಅಪ್ಪನ ಕಾಲದಿಂದ ಬಾಯಿ ತೆರೆದುಕೊಂಡು ಕೂತವರು ಅವರು. ಒಳಗೆ ಬಂದರೆ ಅವರ ಬೆನ್ನಿಗೆ ಬಾಲದ ಹಾಗೆ ಅಂಟಿಕೊಂಡೆ. ಪಾಪ, ಅವರಿಗೆ ಬೇಕಿದ್ದದ್ದು ನಮ್ಮ ಹಳೆಯ ಕಪಾಟುಗಳು.

ಆಮೇಲೆ ಇಂಜಿನಿಯರು. ಅವರೂ ಪಾತ್ರೆಯವರೂ ಒಳಗೊಳಗೇ ಒಂದಾಗಿರಬಹುದೇ ಎನ್ನಿಸಿತು. ತಡೆದುಕೊಳ್ಳಲಾಗದೆ ಕೇಳಿಯೇಬಿಟ್ಟೆ. ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಮೆಲ್ಲಗೆ ಹೇಳಿದರು: "ನಾನು ಗೋಡೆ ನೋಡೋಕೆ ಬಂದಿದೀನಿ ಮೇಡಂ. ನಿಮ್ಮ ಮನೆಯವರನ್ನ ನೀವೇ ನೋಡ್ಕೊಳ್ಳಿ." ಆ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು.

ಕೋಪ ಮಾಡಿಕೊಳ್ಳಬೇಡ, ಭಾವನ ಮೇಲೂ ಅನುಮಾನಪಟ್ಟೆ. ನಿನ್ನ ಜೊತೆ ಬಂದಾಗಲೆಲ್ಲ ಮಡಕೆ ಕೊಳ್ಳುವವರ ಹಾಗೆ ಗೋಡೆಯನ್ನು ಬೆರಳಿನಿಂದ ಬಡಿದು ನೋಡುತ್ತಿದ್ದರಲ್ಲ. ಹೊಟ್ಟೆತುಂಬ ಕಾಫಿ ಕೊಟ್ಟು ಮನಸ್ಸಿನಲ್ಲಿ ಬೈದುಕೊಂಡಿದ್ದೇನೆ. ಅವರಿಗೆ ಹೇಳಬೇಡ.

ಕೊನೆಗೆ ನನಗೇ ಒಂದು ಉಪಾಯ ಹೊಳೆಯಿತು. ಕಿಟಕಿಯ ಕೆಳಗಿನ ಗೋಡೆಯಲ್ಲಿ ಬಿರುಕೇ ಇಲ್ಲ. ಅಲ್ಲಿ ಪೆನ್ಸಿಲಿನಿಂದ ವಕ್ರವಕ್ರವಾಗಿ ಒಂದು ಬಿರುಕು ಬರೆದು, ಮೇಸ್ತ್ರಿಯಿಂದ ಅದರ ಮೇಲೂ ಗಾಜು ಹಾಕಿಸಿದೆ. ನಿಮ್ಮ ಬಿರುಕು ನಿಜವಾದದ್ದಕ್ಕಿಂತ ಚೆನ್ನಾಗಿದೆ ಎಂದು ಮೇಸ್ತ್ರಿ ನಕ್ಕರು. ಇಂಜಿನಿಯರು ನಗಲಿಲ್ಲ, ತಲೆಯಾಡಿಸಿದರು. ನಮ್ಮ ಮೂವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಉಳಿದ ಗಾಜುಗಳ ಜೊತೆ ಅದೂ ಸೀಳಿತ್ತು. ಇಲ್ಲದ ಬಿರುಕು ಅಗಲವಾಗುವುದು ಹೇಗೆ? ಇದು ಗೋಡೆಯ ಕೆಲಸವಲ್ಲ, ಕೈಯ ಕೆಲಸ ಎಂದು ಇಂಜಿನಿಯರೂ ಒಪ್ಪಿದರು.

ಎಲ್ಲವನ್ನೂ ಹೊಸದಾಗಿ ಅಂಟಿಸಿ, ಯಾರನ್ನೂ ಒಳಗೆ ಬಿಡದೆ ಒಂದು ತಿಂಗಳಾಯಿತು. ಒಂದೂ ಸೀಳಿಲ್ಲ. ಗೋಡೆ ಎಂದೋ ಜರುಗಿ ಸುಮ್ಮನಾಗಿದೆ, ಇನ್ನು ನೂರು ವರ್ಷ ನಿಲ್ಲುತ್ತದೆ ಎಂದು ಇಂಜಿನಿಯರು ಬರೆದುಕೊಟ್ಟಿದ್ದಾರೆ. ಯಾರು ಒಡೆದರೋ, ನನಗೆ ಬೇಡ. ಕೆದಕುವುದಿಲ್ಲ. ಕನ್ನಡಕದವರು ಮುಂದಿನ ವಾರ ಕರಾರಿಗೆ ಬರುತ್ತಾರೆ, ಅದಕ್ಕೆ ನಮ್ಮಿಬ್ಬರ ಸಹಿಯೂ ಬೇಕು. ಕರಾರುಪತ್ರವನ್ನು ಇದರೊಳಗೇ ಇಟ್ಟಿದ್ದೇನೆ. ನೀನು ಸಹಿ ಹಾಕದಿದ್ದರೆ ಅವರು ಬೇರೆ ಕಡೆ ನೋಡಿಕೊಳ್ಳುತ್ತಾರೆ, ಅಲ್ಲಿಗೆ ನನ್ನ ಕನಸೂ ಮುಗಿಯಿತು. ಭಾವನ ಮಂಡಿನೋವು ಹೇಗಿದೆ? ಬಿಸಿನೀರಿನ ಶಾಖ ಬಿಡಬೇಡಿ ಎಂದು ಹೇಳು.

ನಿನ್ನ ಜಗಳಗಂಟಿ
ತಂಗಿ

ಮರೆತ ಮಾತು: ಮರೆತಿರಲಿಲ್ಲ, ಬರೆಯುವ ಧೈರ್ಯವಿರಲಿಲ್ಲ. ಆ ಸೋಮವಾರದ ಹಿಂದಿನ ದಿನ, ಭಾನುವಾರ, ಪಾತ್ರೆಯವರು ಊರಲ್ಲಿರಲಿಲ್ಲ. ಭಾವ ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದರು. ಅಂಗಡಿಗೆ ಬಂದದ್ದು ನೀನೊಬ್ಬಳೇ. ಅಪ್ಪ ಗಲ್ಲಾ ಇಟ್ಟುಕೊಳ್ಳುತ್ತಿದ್ದ ಮೇಜಿಗೆ ಹೊಳಪು ಹಾಕಿಸಿ ಕನ್ನಡಕದವರು ಬಾಗಿಲ ಎದುರಿಗೇ ಇಡುತ್ತಾರಂತೆ, ನೀನು ಕೂತ ಜಾಗವನ್ನು ಇನ್ನು ಊರೆಲ್ಲ ನೋಡುತ್ತದೆ ಎಂದು ನಾನು ಹಿಗ್ಗಿನಿಂದ ಹೇಳಿದೆ. ನೀನು ತಕ್ಷಣ ಟೀ ತರಲು ನನ್ನನ್ನು ಹೊರಗೆ ಕಳಿಸಿದೆ. ನಾನು ಬಂದಾಗ ನೀನು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದೆ, ಹೊರಡೋಣ ಎಂದೆ.

ಒಂದು ತಿಂಗಳು ನಿನ್ನ ಮೇಲೆ ಹಲ್ಲು ಕಡಿದೆ. ನಿನ್ನೆ ಆ ಮೇಜಿನ ಹಿಂದೆ ನಾನೇ ಕೂತು ನೋಡಿದೆ. ಅಲ್ಲಿಂದ ಬೀದಿ ಕಾಣುವುದಿಲ್ಲ ಅಕ್ಕ. ಬರಿ ಗಿರಾಕಿಗಳ ಸೊಂಟ ಕಾಣುತ್ತಿದ್ದಿರಬೇಕು. ನಿನ್ನನ್ನು ಶಾಲೆ ಬಿಡಿಸಿ ಮದುವೆಯವರೆಗೂ ಅಪ್ಪ ಅಲ್ಲೇ ಕೂರಿಸಿದ್ದರು. ನಾನು ಪುಸ್ತಕ ಎದೆಗವಚಿಕೊಂಡು ನಿನ್ನ ಮುಂದೆಯೇ ಹಾದು ಕಾಲೇಜಿಗೆ ಹೋಗುತ್ತಿದ್ದೆ. ಆ ಜಾಗ ನಿನಗೆ ಇಷ್ಟವಿತ್ತೇ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸಹಿ ಬೇಡವೆನ್ನಿಸಿದರೆ ಹಾಕಬೇಡ. ಕೆಡವೋಣ, ನಾನು ಅಳುತ್ತೇನೆ, ಆಮೇಲೆ ಸುಮ್ಮನಾಗುತ್ತೇನೆ. ಆದರೆ ಒಂದನ್ನು ಮಾತ್ರ ಬಾಯಿಬಿಟ್ಟು ಹೇಳು. ನೀನು ಬೀಳಿಸಬೇಕೆಂದದ್ದು ಅಂಗಡಿಯನ್ನೋ, ನನ್ನನ್ನೋ?