ಗೊರಕೆಭಟನ ಮಾತು ಯಾರದು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ. ನಿನ್ನ ಕಾರ್ಡು ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕೆಲಸದ ನೆಪ ಹೇಳಬಹುದಿತ್ತು. ಆದರೆ ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನನ್ನ ನೆಪಗಳನ್ನೆಲ್ಲ ನೀನು ಬಲ್ಲೆ. ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಇದು ಐದನೆಯದು, ಹೇಗೆ ಬಂದರೂ ಅಂಚೆಗೆ ಹೋಗುತ್ತದೆ.

ಮೊದಲು ಲೆಕ್ಕ ಒಪ್ಪಿಸುತ್ತೇನೆ. ನಮ್ಮ ಚಿತ್ರಕಥೆ 'ಗೊರಕೆಭಟನ ಕೋಟೆ'ಗೆ ಇವತ್ತಿನವರೆಗೆ ಬಿದ್ದ ಖರ್ಚು: ಮೂವತ್ತೊಂದು ವರ್ಷ, ಇನ್ನೂರ ಹದಿನಾಲ್ಕು ಪುಸ್ತಕ, ಚಿತ್ರ ಬರೆಯುವವರ ಮೂರು ಜೊತೆ ಕನ್ನಡಕ, ನನ್ನ ತಲೆಗೂದಲು ಪೂರ್ತಿ, ನಿನ್ನ ನಿಬ್ಬುಗಳು ಎಷ್ಟೋ. ನಿಬ್ಬಿನ ಲೆಕ್ಕ ನಾನು ಇಟ್ಟಿರಲಿಲ್ಲ. ಒಂದು ಗುಂಡುಸೂಜಿಗೂ ಲೆಕ್ಕ ಇಡುವ ಮನುಷ್ಯ ಅದೊಂದನ್ನು ಯಾಕೆ ಬಿಟ್ಟ ಅಂತ ಈಗ ಯೋಚಿಸುತ್ತಿದ್ದೇನೆ.

ಪ್ರಕಾಶಕರು ಮೊದಲ ನೂರು ಪುಸ್ತಕಗಳನ್ನು ಮತ್ತೆ ಅಚ್ಚು ಹಾಕುತ್ತಿರುವುದು ನಿನಗೆ ಗೊತ್ತು. ಓದುಗರು ಕೇಳುತ್ತಿರುವುದು ಆ ನೂರನ್ನೇ. ಆಮೇಲಿನ ನೂರ ಹದಿನಾಲ್ಕನ್ನು ಯಾರೂ ಕೇಳುತ್ತಿಲ್ಲ. ನನ್ನ ಬರವಣಿಗೆ ಪಕ್ವವಾದದ್ದೇ ನೂರರ ಮೇಲೆ ಎಂದು ನಾನು ನಂಬಿಕೊಂಡಿದ್ದವನು, ಇರಲಿ ಬಿಡು. ಪುಸ್ತಕದ ಬೆನ್ನಿಗೆ ಹಾಕಲು ಅಲ್ಲಿಯ ಸಂಪಾದಕಿ ಹುಡುಗಿ ಹೀಗೆ ಬರೆದಿದ್ದಾಳೆ: 'ಎರಡು ಸಾವಿರ ವರ್ಷದ ಹಿಂದಿನ ಒಂದು ಕೋಟೆ. ಅದರ ಬಾಗಿಲಲ್ಲಿ ನಿಂತೇ ನಿದ್ದೆ ಹೊಡೆಯುವ ಕಾವಲುಗಾರ. ಶುರು ಮಾಡಿದ ಯುದ್ಧವನ್ನು ಅರ್ಧಕ್ಕೇ ಮರೆಯುವ ರಾಜ.' ಚೆನ್ನಾಗಿದೆ. ಚೂಟಿ ಹುಡುಗಿ. ಎಲ್ಲ ಗಲಾಟೆಗೂ ಮೂಲ ಅವಳೇ.

ಅವಳು ನನ್ನ ಹಳೆಯ ಟ್ರಂಕು ತೆಗೆಸಿ, ನನ್ನ ಹಸ್ತಪ್ರತಿಗಳನ್ನೂ ಅಚ್ಚಾದ ಪುಸ್ತಕಗಳನ್ನೂ ಪಕ್ಕಪಕ್ಕ ಇಟ್ಟು ಓದಿದ್ದಾಳೆ. ಮರುದಿನವೇ ಫೋನು.

"ಸರ್, ನಿಮ್ಮ ಸಂಭಾಷಣೆಯನ್ನ ಯಾರೋ ಸಿಕ್ಕಾಪಟ್ಟೆ ಕತ್ತರಿಸಿಬಿಟ್ಟಿದ್ದಾರೆ!"

"ನಮ್ಮಕ್ಕ ಕಣಮ್ಮ. ಮಾತಿನ ಗುಳ್ಳೆಗಳಲ್ಲಿ ಅಕ್ಷರ ಬರೀತಿದ್ದಳು. ಜಾಗ ಸಾಲದೆ ಒಂಚೂರು ಮೊಟಕು ಮಾಡ್ತಿದ್ದಳು."

"ಈ ಸಲ ನಿಮ್ಮ ಮೂಲ ಮಾತನ್ನೇ ಪೂರ್ತಿ ಹಾಕೋಣ ಸರ್."

ನಾನು ಹಿಗ್ಗಿದೆ ಅಕ್ಕ. ಸುಳ್ಳು ಯಾಕೆ ಹೇಳಲಿ. ಆ ಕಾಲದಲ್ಲಿ ನಾನು 'ಗುಳ್ಳೆ ದೊಡ್ಡದು ಮಾಡೇ' ಎಂದು ರೇಗುವುದು, ನೀನು ತಲೆ ಎತ್ತದೆ 'ಗುಳ್ಳೆ ದೊಡ್ಡದಾದ್ರೆ ಭಟ ಎಲ್ಲಿ ನಿಂತ್ಕೋಬೇಕೋ?' ಎನ್ನುವುದು, ದಿನಾ ನಡೆಯುತ್ತಿತ್ತಲ್ಲ. ಕೊನೆಗೂ ನನ್ನ ಕಡೆ ತೀರ್ಪಾಯಿತು ಅಂದುಕೊಂಡೆ. ಆದರೂ ಮಾಲು ತೂಗದೆ ಸಾಗಹಾಕುವವರ ಪೈಕಿ ನಾನಲ್ಲ. ಎರಡೂ ಪ್ರತಿ ಹಿಡಿದುಕೊಂಡು ಪ್ರೆಸ್ಸಿನ ಹಿಂದಿನ ಬೈಂಡಿಂಗ್ ಕೋಣೆಗೆ ಹೋದೆ. ಅಲ್ಲಿಯ ಹಿರಿಯ, ಎಲ್ಲರೂ ಗೋಂದಜ್ಜ ಅನ್ನುತ್ತಾರೆ, ಮುಲಾಜಿಗೆ ನಗುವವನಲ್ಲ.

ಏಳನೆಯ ಪುಸ್ತಕ ತೆಗೆದೆ. ಶತ್ರು ಸೇನಾಪತಿ ಹತ್ತು ಸಾವಿರ ಸೈನಿಕರೊಡನೆ ಕೋಟೆ ಬಾಗಿಲಿಗೆ ಬಂದು 'ಯುದ್ಧ!' ಎಂದು ಅಬ್ಬರಿಸುತ್ತಾನೆ. ಭಟ ಕಣ್ಣುಜ್ಜಿಕೊಂಡು ಉತ್ತರ ಕೊಡಬೇಕು. ನಾನು ಬರೆದದ್ದು ಓದಿದೆ: "ಎಲೈ ಮಹಾಸೇನಾಧಿಪತಿಯೇ, ನಮ್ಮ ಮಹಾರಾಜರು ಸದ್ಯ ಸ್ನಾನಗೃಹದಲ್ಲಿ ವಿರಾಜಮಾನರಾಗಿರುವ ಕಾರಣ ತಮ್ಮ ಯುದ್ಧವನ್ನು ತಕ್ಷಣಕ್ಕೆ ಸ್ವೀಕರಿಸುವ ಸ್ಥಿತಿಯಲ್ಲಿ ಇಲ್ಲವಾದ್ದರಿಂದ, ತಾವು ಕಿಂಚಿತ್ತು ಕಾಲ ತಾಳ್ಮೆಯಿಂದಿರಬೇಕಾಗಿ ವಿನಂತಿ."

ಗೋಂದಜ್ಜ ಬ್ರಷ್ಷು ಕೆಳಗಿಟ್ಟ. "ಮುಗೀತಾ?"

"ಹ್ಞೂಂ."

"ಅಷ್ಟೊತ್ತಿಗೆ ರಾಜರ ಸ್ನಾನಾನೂ ಮುಗಿದಿರುತ್ತೆ ಬಿಡಿ."

ಆಮೇಲೆ ಅದೇ ಪುಟ, ಅಚ್ಚಾದದ್ದು ಓದಿದೆ: "ಯುದ್ಧವಾ? ರಾಜರು ಸ್ನಾನಕ್ಕೆ ಹೋಗಿದ್ದಾರೆ. ಕೂತಿರಿ."

ಮುಂದಿನ ಚಿತ್ರ ನಿನಗೆ ನೆನಪಿದೆ. ಹತ್ತು ಸಾವಿರ ಜನ, ಕುದುರೆಗಳ ಸಮೇತ, ನೆಲದ ಮೇಲೆ ಕೂತಿದ್ದಾರೆ. ಹಾಳೆ ಮಡಿಸುತ್ತಿದ್ದ ಹೆಂಗಸು ಇಣುಕಿ ನೋಡಿ, "ಅಯ್ಯಯ್ಯೋ, ಆನೇನೂ ಕೂತ್ಬಿಟ್ಟಿದೆಯಲ್ರೀ!" ಎಂದು ನಕ್ಕ ರಭಸಕ್ಕೆ ಮಡಿಸಿದ ಕಟ್ಟು ನೆಲ ಕಂಡಿತು. ಗೋಂದಜ್ಜ ಗೋಡೆ ಕಡೆ ತಿರುಗಿ ನಕ್ಕ. ಹದಿನೆಂಟು ಪುಟ ಹೀಗೆ ಪರೀಕ್ಷೆ ಮಾಡಿದೆ. ನನಗೆ ಸೊನ್ನೆ, ನಿನಗೆ ಹದಿನೆಂಟು.

ನಾನು ಸೋಲು ಒಪ್ಪುವ ಮುಂಚೆ ಇನ್ನೊಂದು ಬಾಗಿಲು ತಟ್ಟುವವನು. ಚಿತ್ರ ಬರೆಯುವವರ ಮನೆಗೆ ಹೋದೆ. ಸೈನಿಕರನ್ನು ಕೂರಿಸಿದ್ದಾದರೂ ಅವರ ತಲೆ ಇರಬೇಕು, ಅರ್ಧ ನಗು ಅವರದಾಗಲಿ ಅನ್ನುವ ಆಸೆ. ಅವರು ಹೇಳಿದ್ದು ಕೇಳು:

"ನಿಮ್ಮ ಹಸ್ತಪ್ರತಿ ಯಾರು ಓದಿದ್ರು ಸ್ವಾಮಿ? ಮೊದಲು ಗುಳ್ಳೆ, ಆಮೇಲೆ ಚಿತ್ರ. ಅದೇ ಅಲ್ವಾ ನಮ್ಮ ಪದ್ಧತಿ? ಅಕ್ಕಾವ್ರು ಬರೆದ ಗುಳ್ಳೆಗಳ ಹಾಳೆ ಬರೋದು, ಸುತ್ತ ನಾನು ಚಿತ್ರ ತುಂಬೋದು. 'ಕೂತಿರಿ' ಅಂತ ಇತ್ತು. ಕೂರಿಸಿದೆ."

"ನೂರಾದಮೇಲೆ?"

"ನೂರಾದಮೇಲೆ ಬಂದದ್ದು ನಿಮ್ಮ ಮಾತು. ಎಲ್ರೂ ನಿಂತೇ ಇದ್ದಾರೆ, ನೋಡಿ ಬೇಕಾದ್ರೆ."

ನೋಡಿದೆ. ನಿಂತೇ ಇದ್ದಾರೆ.

ಮಾರನೆಯ ದಿನವೇ ಪ್ರಕಾಶಕರಲ್ಲಿಗೆ ಹೋಗಿ, ಒಂದಕ್ಷರ ಬದಲಾಗಕೂಡದು, ಹೊದಿಕೆಯ ಮೇಲೆ 'ಮಾತು' ಎಂಬಲ್ಲಿ ನಿನ್ನ ಹೆಸರು ಒಂದೇ ಇರಬೇಕು ಎಂದೆ. 'ಕಥೆ' ಎಂಬಲ್ಲಿ ನನ್ನದಿರುತ್ತದೆ; ಅದನ್ನೂ ಬಿಟ್ಟುಕೊಡುವಷ್ಟು ದೊಡ್ಡ ಮನುಷ್ಯ ನಾನಲ್ಲ. ಅವರು ಒಪ್ಪಿದರು, ನಿನಗೆ ಪತ್ರ ಬರೆದರು. ನೀನು ನನಗೆ ಕಾರ್ಡು ಹಾಕಿದೆ: 'ಹೆಸರು ಬೇಡ.' ಎರಡೇ ಶಬ್ದ. ಅದೇ ಮಾತಿಗೆ ನನಗೆ ಎರಡು ಪುಟ ಬೇಕಿತ್ತು.

ಬೇಡ ಅಂದರೆ ಬಿಡುವವನಾಗಿದ್ದರೆ ನಾನು ಇವತ್ತಿಗೂ ಛಾಪಖಾನೆಯಲ್ಲಿ ಕಾಗದದ ಕಟ್ಟು ಹೊರುತ್ತಿದ್ದೆ. ನಿನ್ನ ಹೆಸರಿಲ್ಲದೆ ನೂರು ಪುಸ್ತಕಗಳಲ್ಲಿ ಒಂದೂ ಅಚ್ಚಾಗಕೂಡದು ಎಂದು ಪ್ರಕಾಶಕರಿಗೆ ಬರೆದುಕೊಟ್ಟು ಸಹಿ ಹಾಕಿ ಬಂದಿದ್ದೇನೆ. ಒಪ್ಪಿಗೆ ಪತ್ರ ಇದರ ಜೊತೆಗಿದೆ, ಇಪ್ಪತ್ತೆಂಟನೇ ತಾರೀಕಿನೊಳಗೆ ಅವರ ಕೈ ಸೇರಬೇಕು. ಸೇರದಿದ್ದರೆ ಗೊರಕೆಭಟ ಟ್ರಂಕಿನಲ್ಲೇ ಗೊರಕೆ ಹೊಡೆಯಲಿ. ನೀನು ಸಹಿ ಹಾಕುತ್ತೀಯ. ನನಗೋಸ್ಕರ ಅಲ್ಲ, ಅವನು ಕತ್ತಲಲ್ಲಿ ಬಿದ್ದಿರುವುದನ್ನು ನೀನು ಸಹಿಸುವುದಿಲ್ಲ.

ಭಾವನವರಿಗೆ ನಮಸ್ಕಾರ. ನಿನ್ನ ಮೊಮ್ಮಗಳು ಗೋಡೆಯ ಮೇಲೆಲ್ಲ ಗೀಚುತ್ತಾಳಂತೆ, ಬೈಯಬೇಡಿ. ಅವಳಿಗೆ ಈ ಅಜ್ಜನ ಆಶೀರ್ವಾದ, ಕೈ ಚುರುಕಾಗಿರಲಿ, ಮಾತು ಚಿಕ್ಕದಾಗಿರಲಿ. ನನಗೆ ನಿನ್ನ ಆಶೀರ್ವಾದ ಇರಲಿ.

ಇತಿ,
ನಿನ್ನ ಉದ್ದಮಾತಿನ ತಮ್ಮ

ತಾ.ಕ.: ಹರಿದ ನಾಲ್ಕು ಕಾಗದಗಳಲ್ಲಿ ಇದೊಂದು ಇರಲಿಲ್ಲ. ಅದಕ್ಕೇ ಹರಿದೆ. ಅಕ್ಕನಿಗೆ ಕಣ್ಣು ಮಂಜಾಯಿತು, ಅದಕ್ಕೆ ಬರೆಯುವುದು ಬಿಟ್ಟಳು ಎಂದು ಹದಿನೇಳು ವರ್ಷ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ನೀನೂ ಅಲ್ಲ ಅನ್ನಲಿಲ್ಲ. ನೂರನೆಯ ಪುಸ್ತಕದ ಸಮಾರಂಭದಲ್ಲಿ ಯಾರೋ ಎದ್ದು ನಿಂತು, 'ಆ ಮುದ್ದಾದ ಅಕ್ಷರ ಯಾರದು ಸರ್?' ಎಂದು ಕೇಳಿದರು. ನಾನು ಮೈಕಿನಲ್ಲಿ, 'ಮನೇಲಿ ಬಿಡುವಾಗಿದ್ದವರು ಯಾರೋ ಬರೀತಾರೆ' ಎಂದೆ. ಜನ ನಕ್ಕರು. ನೀನು ಎರಡನೆಯ ಸಾಲಿನಲ್ಲಿದ್ದೆ. ಕಂಡೇ ಹೇಳಿದೆ ಅಕ್ಕ, ಕಾಣದೆ ಅಲ್ಲ. ನೂರ ಒಂದನೆಯ ಪುಸ್ತಕಕ್ಕೆ ಕಳಿಸಿದ ಹಾಳೆಗಳು ಖಾಲಿಯಾಗಿ ವಾಪಸು ಬಂದವು. ಮೊದಲನೆಯದರಲ್ಲಿ ಮಾತ್ರ ಒಂದು ಗುಳ್ಳೆ, ಅದರೊಳಗೆ ನಿನ್ನ ದುಂಡು ಅಕ್ಷರದಲ್ಲಿ: 'ಬಿಡುವಿಲ್ಲ.'

ಮೈಕಿನಲ್ಲಿ ಆಡಿದ ಆ ಒಂದು ಮಾತಿನಿಂದ ಯಾರಿಗೆ ಏನು ಸಿಕ್ಕಿತು ಎಂದು ಬರೆದು ಮುಗಿಸುತ್ತೇನೆ. ಸಭೆಗೆ ಒಂದು ನಗು. ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸುವವನಿಗೆ ಒಂದು ಕೆಲಸ. ನನಗೆ ನೂರ ಹದಿನಾಲ್ಕು ಪುಸ್ತಕ, ಎಲ್ಲದರಲ್ಲೂ ನನ್ನ ಮಾತು ಪೂರ್ತಿ. ನಿನಗೆ ಹದಿನೇಳು ವರ್ಷ ಬಿಡುವು.