ನೀವು ಬಂದ್ ಮಾಡಿದ ಮೈಕು

ಕ್ರಿ.ಶ. ೨೧೯೪, ಮರುಶ್ರಾವಣದ ಮೂವತ್ತಾರನೆಯ ತಾರೀಖು
ಮಲಪ್ರಭೆಯ ದಂಡೆ

ಪ್ರೊಫೆಸರ್ ಶಿವಯೋಗಿ ಬೆಲ್ಲದ ಅವರಿಗೆ,

ಮೇಲಿನ ತಾರೀಖು ನೋಡಿ ಯಾರೋ ಹುಡುಗರು ಚೇಷ್ಟೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ಬೇಸಿಗೆ ಉದ್ದವಾಗಿ ಹಳೆಯ ಪಂಚಾಂಗ ಕೈಕೊಟ್ಟ ಮೇಲೆ ನಾವು ಶ್ರಾವಣವನ್ನು ಎರಡು ಸಲ ಎಣಿಸುತ್ತೇವೆ, ಎರಡನೆಯದನ್ನು ಮಳೆ ಬರುವವರೆಗೂ ಎಳೆಯುತ್ತೇವೆ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಇರಲಿ. ನಾನು ಕೇಳುವ ಕ್ಷಮೆ ಇದೊಂದೇ, ಮುಂದೆ ಬರೆಯುವುದಕ್ಕೆಲ್ಲ ಕೇಳುವವಳಲ್ಲ.

ನನ್ನ ಹೆಸರು ಅಂಬಕ್ಕ ಹಾದಿಮನಿ. ಇಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಕಾವಲುಗುರು. ಹಾಗೆಂದರೆ ಪಾಠ ಮಾಡುವವಳಲ್ಲ, ಪಾಠ ನಡೆಯುವಾಗ ಕಾಯುವವಳು. ಪಾಠ ಮಾಡುವವರು ನೀವು. ಹೌದು, ನೀವೇ. ನಿಮ್ಮ ಹಳೆಯ ಆನ್‌ಲೈನ್ ತರಗತಿಗಳ ರೆಕಾರ್ಡಿಂಗ್‌ನಿಂದ ಮಾಡಿದ ಮಾತಾಡುವ ರೂಪವನ್ನು ನಾವು ಪಡಿಗುರು ಎನ್ನುತ್ತೇವೆ. ಅದೇ ಕನ್ನಡಕ, ಅದೇ ಚೌಕಳಿ ಶರ್ಟು, ಹಿಂದೆ ಅದೇ ಅಡುಗೆಮನೆಯ ಬಾಗಿಲು. ಸೇವೆ ಮುಗಿಸುವ ಗುರುಗಳಿಗೆ ಹಿಂದಿನ ಕಾಲಕ್ಕೆ ಒಂದೇ ಒಂದು ಪತ್ರ ಕಳಿಸುವ ಹಕ್ಕಿದೆ, ಅದಕ್ಕೆ ಹಿನ್ನಂಚೆ ಎಂದು ಹೆಸರು. ಹೆಚ್ಚಿನವರು ತೀರಿಕೊಂಡ ತಾಯಿಗೆ ಬರೆಯುತ್ತಾರೆ. ನಾನೂ ನನ್ನ ಅವ್ವನಿಗೆ ಬರೆಯಬೇಕೆಂದಿದ್ದೆ. ಅದನ್ನು ನಿಮ್ಮ ಮೇಲೆ ಖರ್ಚು ಮಾಡುತ್ತಿದ್ದೇನೆ, ಆ ಸಿಟ್ಟೂ ಇದರಲ್ಲಿ ಸೇರಿದೆ ಎಂದು ತಿಳಿಯಿರಿ.

ಮೊದಲು ನಿಮಗೆ ಖುಷಿಯಾಗುವ ವಿಷಯ ಹೇಳುತ್ತೇನೆ, ಆಮೇಲೆ ಖುಷಿಪಡಲು ನಿಮಗೆ ಪುರುಸೊತ್ತು ಸಿಗುವುದಿಲ್ಲ. ನಿಮ್ಮ ಕಾಲದ ದೊಡ್ಡ ದೊಡ್ಡ ಪಂಡಿತರ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ, ಆದರೆ ಬೆಲ್ಲದ ಸರ್ ಹೆಸರು ಈ ಪ್ರಾಂತದ ಮಕ್ಕಳಿಗೆಲ್ಲ ಗೊತ್ತು. ಕಾಲೇಜಿನ ಬಾಗಿಲಲ್ಲಿ ನಿಮ್ಮ ಚಿತ್ರವಿದೆ, ವರ್ಷದ ಮೊದಲ ದಿನ ಅದಕ್ಕೆ ಮಾಲೆ ಬೀಳುತ್ತದೆ. ನಿಮ್ಮ ಪಾಠದ ನಡುವೆ ಅಡುಗೆಮನೆಯಿಂದ ಕುಕ್ಕರ್ ಕೂಗುತ್ತದೆ. ನಮ್ಮ ಮಕ್ಕಳು ಕುಕ್ಕರ್ ಕಂಡವರಲ್ಲ. ಮುಖ್ಯವಾದ ಮಾತು ಬಂದಾಗ ಗುರುಗಳು ಸೀಟಿ ಊದಿಸುತ್ತಿದ್ದರು ಎಂದು ನಂಬಿ, ಸೀಟಿ ಕೇಳಿದ ಕೂಡಲೇ ಆ ಸಾಲಿಗೆ ಗೆರೆ ಎಳೆಯುತ್ತಾರೆ. ನಿಮ್ಮ ಮನೆಯವರು ಅನ್ನಕ್ಕಿಟ್ಟ ಹೊತ್ತು ಇಲ್ಲಿ ಸಿಲೆಬಸ್ ಆಗಿದೆ.

ಇನ್ನು ನಿಮ್ಮ ಇವತ್ತಿನ ತರಗತಿಗೆ ಬರುತ್ತೇನೆ. ಈ ಪತ್ರ ಅದೇ ದಿನದ ಸಂಜೆ ನಿಮ್ಮ ಕೈಸೇರುವಂತೆ ಏರ್ಪಾಡು ಮಾಡಿದ್ದೇನೆ. ಪರದೆಯ ಮೇಲೆ ಎಲ್ಲರೂ ಕ್ಯಾಮೆರಾ ಬಂದ್ ಮಾಡಿಕೊಂಡಿದ್ದರು. ಬರೀ ಕಪ್ಪು ಚೌಕಗಳು. "ನಾ ಏನ್ ಗ್ವಾಡಿಗೆ ಪಾಠ ಮಾಡಾಕತ್ತೀನೇನು?" ಎಂದು ನೀವು ಕೇಳಿದಿರಿ, ಗೋಡೆ ಉತ್ತರ ಕೊಡಲಿಲ್ಲ. ಆ ಸಂಕಟ ನನಗೆ ಗೊತ್ತು ಸರ್. ದೂರದಿಂದ ಕಲಿಯುವವರನ್ನು ನಾನೂ ನೋಡಿಕೊಳ್ಳುತ್ತೇನೆ. ಕೇಳಿದರೋ ಇಲ್ಲವೋ ತಿಳಿಯದೆ ಮಾತಾಡುತ್ತಾ ಹೋದರೆ ಒಂದು ಹೊತ್ತಿನಲ್ಲಿ ನಮ್ಮ ದನಿಯೇ ನಮಗೆ ಬೇಸರ ತರುತ್ತದೆ. ಬಾಯಿ ತಪ್ಪುತ್ತದೆ. ನಿಮಗೂ ತಪ್ಪಿತು. ಗಂಧಕಾಮ್ಲವನ್ನು ತಿಳಿಮಾಡುವ ಬಗೆ ಹೇಳುವಾಗ "ಆ್ಯಸಿಡ್ಡಿಗೆ ನೀರು ಹಾಕಬೇಕು" ಎಂದುಬಿಟ್ಟಿರಿ. ಹಾಗೆ ಮಾಡಿದರೆ ಅದು ಕುದಿದು ಮುಖಕ್ಕೆ ಚಿಮ್ಮುತ್ತದೆ ಎಂದು ನಿಮಗೆ ಗೊತ್ತಿರಲಿಲ್ಲವೆಂದು ನಾನು ಹೇಳುವುದಿಲ್ಲ. ಬಾಯಿ ತಪ್ಪಿದ್ದಕ್ಕೆ ನಾನು ಯಾರ ಮೇಲೂ ಹಗೆ ಸಾಧಿಸುವುದಿಲ್ಲ.

ಆದರೆ ಆಗ ಒಂದು ಚೌಕದಿಂದ ಒಬ್ಬಳು ಹುಡುಗಿ ಮೈಕು ತೆರೆದು, "ಸರ್, ನೀರಿಗೆ ಆ್ಯಸಿಡ್ ಹಾಕಬೇಕಲ್ರಿ? ನೀವು ಉಲ್ಟಾ ಹೇಳಿದ್ರಿ" ಎಂದಳು. ಅಷ್ಟು ಹೊತ್ತಿನಲ್ಲಿ ನಿಮ್ಮ ಪಾಠ ಕೇಳುತ್ತಿದ್ದವಳು ಅವಳೊಬ್ಬಳೇ ಇರಬೇಕು. ನೀವು ಗೋಡೆಯಿಂದ ಬಂದ ಆ ಉತ್ತರವನ್ನು ಕಣ್ಣಿಗೊತ್ತಿಕೊಳ್ಳಬೇಕಿತ್ತು. ನೀವು ಅವಳ ಮೈಕು ಬಂದ್ ಮಾಡಿದಿರಿ. "ಪೇಪರ್ ತಿದ್ದಾಂವ ನಾನೋ ನೀನೋ? ನಾ ಏನ್ ಹೇಳೀನೋ ಅದನ್ನ ಬರೀರಿ, ಅದಕ್ಕ ಮಾರ್ಕ್ಸ್" ಎಂದಿರಿ. ಕುಕ್ಕರ್ ಕೂಗಿತು.

ಮುಂದೆ ಆದದ್ದನ್ನು ಸಮಾಧಾನದಿಂದ ಬರೆಯಲು ನೋಡುತ್ತೇನೆ. ನಿಮ್ಮ ನಂತರ ಕಾಲೇಜುಗಳು ಮುಚ್ಚುತ್ತಾ ಬಂದವು, ಪಾಠವೆಲ್ಲ ರೆಕಾರ್ಡಿಂಗ್‌ಗೆ ಇಳಿಯಿತು. ಯಾರ ರೆಕಾರ್ಡಿಂಗ್ ಎಂಬ ಜಗಳ ತೀರಿಸಲು ಒಂದು ಕಾನೂನು ಬಂತು: ಪಾಠವನ್ನೂ, ಅದಕ್ಕೆ ಅಂಕ ಕೊಡುವ ನಿಯಮವನ್ನೂ ಒಬ್ಬರೇ ತಮ್ಮ ಸ್ವಂತ ದನಿಯಲ್ಲಿ ಹೇಳಿರಬೇಕು. ಒಳ್ಳೆಯ ಮೇಷ್ಟ್ರು ಯಾರೂ ಅಂಥ ನಿಯಮವನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಅವರಿಗೆ ಅದು ಬೇಕಾಗಿರಲಿಲ್ಲ. ನೀವು ಹೇಳಿದ್ದಿರಿ. ನಿಮ್ಮ ಸಿಡುಕೇ ನಿಮ್ಮನ್ನು ಆರಿಸಿತು. ಉತ್ತರ ನೋಡುವ ಯಂತ್ರಕ್ಕೆ ನಾವು ಒರೆಗಲ್ಲು ಎನ್ನುತ್ತೇವೆ. ಆ ಒರೆಗಲ್ಲಿನ ಮೊದಲ ಸೂತ್ರ ನಿಮ್ಮ ಆ ವಾಕ್ಯ. ಬೆಲ್ಲದ ಸರ್ ಹೇಳಿದ್ದನ್ನು ಬರೆದವರು ಪಾಸು, ಸರಿಯಾದದ್ದನ್ನು ಬರೆದವರು ನಪಾಸು.

ನಾವು ಸುಮ್ಮನೆ ಕೂತಿಲ್ಲ. ತರಗತಿಗೆ ಬರುವ ಮಕ್ಕಳನ್ನು ಕಾವಲುಗುರುಗಳು ಒಬ್ಬೊಬ್ಬರಾಗಿ ಹೊರಗಿನ ಬೇವಿನ ಮರದ ಹತ್ತಿರ ಕರೆದು ಕಿವಿಯಲ್ಲಿ ಹೇಳುತ್ತೇವೆ: ಪರೀಕ್ಷೆಯಲ್ಲಿ ಸರ್ ಹೇಳಿದ್ದು ಬರಿ, ಕೈಯಲ್ಲಿ ನಾನು ಹೇಳಿದ್ದು ಮಾಡು. ಇದಕ್ಕೆ ಕಿವಿಪಾಠ ಎಂದು ಹೆಸರು. ಹೊಸದಾಗಿ ಸೇರಿದ ಗುರುಗಳಿಗೆ ಮೊದಲು ಕಲಿಸುವುದೇ ಇದನ್ನು. ಮಕ್ಕಳು ನಗುತ್ತಾರೆ, ಕಲಿಯುತ್ತಾರೆ, ಬದುಕುತ್ತಾರೆ. ಆದರೆ ದೂರದವರ ಕಿವಿ ನಮಗೆ ಸಿಗುವುದಿಲ್ಲ. ಪರದೆಯ ಮೇಲೆ ನಾವು ಆಡುವ ಒಂದೊಂದು ಮಾತನ್ನೂ ಒರೆಗಲ್ಲು ಕೇಳುತ್ತದೆ, ನಿಮ್ಮ ಪಾಠಕ್ಕೆ ವಿರುದ್ಧವಾದದ್ದು ಬಂದರೆ ನಿಮ್ಮಂತೆಯೇ ಮೈಕು ಬಂದ್ ಮಾಡುತ್ತದೆ. ಹಿನ್ನೀರಿನ ಆಚೆ ದಂಡೆಯ ದಸ್ತಗೀರ್ ನದಾಫ್ ಎಂಬ ಹುಡುಗ ಹಾಗೆ ದೂರದಿಂದ ಕಲಿತವನು. ಪೂರ್ತಿ ಅಂಕ ತೆಗೆದ. ಅವನನ್ನು ಎಚ್ಚರಿಸಲು ನಾನು ಮಾಡಿದ ಪ್ರಯತ್ನವೆಲ್ಲ ಪರದೆಯ ಮೇಲೆ ಮೂಕವಾಗಿ ಬಾಯಿ ಆಡಿಸಿದಂತೆ ಕಂಡಿತಂತೆ. ಬ್ಯಾಟರಿ ಕಾರ್ಖಾನೆಯ ಕೆಲಸಕ್ಕೆ ಸೇರಿದ ವಾರದಲ್ಲೇ ನೀವು ಕಲಿಸಿದ ಹಾಗೆ ಆ್ಯಸಿಡ್ಡಿಗೆ ನೀರು ಸುರಿದ. ಅವನ ಬಲಗಣ್ಣು ಹೋಯಿತು.

ಅವನ ತಂಗಿ ಸಕೀನಾ ಈಗ ನನ್ನ ವಿದ್ಯಾರ್ಥಿನಿ. ಅಣ್ಣನ ಮುಖ ನೋಡಿದವಳಿಗೆ ಕಿವಿಪಾಠ ಬೇಕಾಗಿಲ್ಲ. ಬೇರೆ ಎಲ್ಲ ಪ್ರಶ್ನೆಗೂ ಅಚ್ಚುಕಟ್ಟಾಗಿ ಬರೆಯುತ್ತಾಳೆ, ಆ ಒಂದು ಪ್ರಶ್ನೆಗೆ ಮಾತ್ರ ನಿಜ ಬರೆಯುತ್ತಾಳೆ. ಅದು ಕಡ್ಡಾಯದ ಪ್ರಶ್ನೆ, ಎರಡು ಸಲ ನಪಾಸಾದಳು. ಮೂರನೆಯದು ಕೊನೆಯದು. ಅದೂ ಹೋದರೆ ಅವಳಿಗೆ ಮುಂದೆ ಯಾವ ಕಾಲೇಜಿನ ಬಾಗಿಲೂ ತೆರೆಯುವುದಿಲ್ಲ. "ಒಂದ್ ಸಾಲು ಬರೀವಾ, ಪಾಸಾಗಿ ಹೋಗ್ತಿ" ಎಂದು ನಾನೇ ಬೇಡಿಕೊಂಡೆ. "ಆ ಸಾಲು ಬರದ ಮ್ಯಾಲ ನಮ್ಮಣ್ಣನ ಮಕಾ ಹೆಂಗ ನೋಡ್ಲಿ ಅಕ್ಕಾರ?" ಎಂದಳು.

ಹಾಗಾಗಿ ನಾನು ಕಾನೂನು ಓದಲು ಕೂತೆ. ಎರಡು ಸಲ ನಪಾಸಾದವರು ಮೂರನೆಯ ಸಲ ತಮಗೆ ಪಾಠ ಮಾಡಿದ ಗುರುವನ್ನೇ ಪಕ್ಕದಲ್ಲಿ ಕೂರಿಸಿ, ಅದೇ ಪರೀಕ್ಷೆಯನ್ನು ಅವರಿಂದಲೂ ಬರೆಸಿ, ಬರೆದದ್ದನ್ನು ಅವರ ಕೈಯಿಂದಲೇ ಮಾಡಿಸಬಹುದು ಎಂದು ಅದರಲ್ಲಿದೆ. ಪಡಿಗುರುವನ್ನು ಹೀಗೆ ಕರೆಯಬಹುದೆಂದು ಇದುವರೆಗೆ ಯಾರಿಗೂ ಹೊಳೆದಿರಲಿಲ್ಲ. ನನಗೆ ಹೊಳೆಯಿತು. ನಾಳೆ ಬೆಳಿಗ್ಗೆ ನಿಮ್ಮ ಪರೀಕ್ಷೆ. ದೂರದವರಿಗೆ ಇರುವ ನಿಯಮಗಳೆಲ್ಲ ನಿಮಗೂ ಇರುತ್ತವೆ: ಕೋಣೆಯನ್ನು ಸುತ್ತಲೂ ತೋರಿಸಬೇಕು, ಕಣ್ಣು ಆಚೀಚೆ ಹೊರಳಿಸಬಾರದು, ಕೆಮ್ಮು ಬಂದರೆ ಕೈಯೆತ್ತಿ ಕೇಳಿ ಕೆಮ್ಮಬೇಕು. ನಿಮಗೆ ಲೋಹದ ಕೈಗಳನ್ನು ಜೋಡಿಸಿಟ್ಟಿದ್ದೇನೆ, ಮುಂದೆ ನಿಜವಾದ ಗಂಧಕಾಮ್ಲ ಇಟ್ಟಿದ್ದೇನೆ. ಹಿಂದೆ ಹೇಳಿದ್ದನ್ನೇ ಬರೆದು ಮಾಡಿದರೆ ಪ್ರಾಂತದ ಅಧಿಕಾರಿಗಳ ಎದುರಿಗೆ ಅದು ಪರದೆಯ ಮೇಲಿನ ನಿಮ್ಮ ಮುಖಕ್ಕೆ ಚಿಮ್ಮುತ್ತದೆ. ಬೇರೆ ಬರೆದರೆ ನಿಮ್ಮದೇ ನಿಯಮದಂತೆ ನೀವು ನಪಾಸು. ಹೇಗಾದರೂ ನಿಮ್ಮ ಪಾಠ ಬಿದ್ದುಹೋಗುತ್ತದೆ, ಸಕೀನಾಳ ಉತ್ತರ ನಿಲ್ಲುತ್ತದೆ. ಬಾಗಿಲಲ್ಲಿರುವ ಚಿತ್ರವನ್ನು ಇಳಿಸುವ ಏಣಿಯನ್ನು ನಾನೇ ಹಿಡಿಯುತ್ತೇನೆಂದು ಹೇಳಿಟ್ಟಿದ್ದೇನೆ. ಇದರಲ್ಲಿ ನನಗೆ ಸಂತೋಷವಿದೆಯೇ ಎಂದು ಕೇಳಿದರೆ, ಇದೆ. ಬಹಳ ಇದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಬರೆಯಬೇಕು. ಈ ಪತ್ರ ನಿಮ್ಮ ಕೈಯಲ್ಲಿರುವ ಹೊತ್ತಿಗೆ ರೆಕಾರ್ಡಿಂಗ್ ಇನ್ನೂ ನಿಮ್ಮ ಹತ್ತಿರವೇ ಇದೆ, ಕಾಲೇಜಿಗೆ ಹೋಗುವುದು ನಾಳೆ. ಅದನ್ನು ಅಳಿಸಿ ಮತ್ತೊಮ್ಮೆ ಪಾಠ ಮಾಡಬಹುದು, ಆ ಹುಡುಗಿ ಹೇಳಿದ್ದೇ ಸರಿ ಎಂದು ಎಲ್ಲರೆದುರು ಒಪ್ಪಿಕೊಳ್ಳಬಹುದು. ಆದರೆ ಹಾಗೆ ಮಾಡಿದರೆ ಆ ಕಾನೂನು ನಿಮ್ಮನ್ನು ಆರಿಸುವುದಿಲ್ಲ. ಮಾಲೆಯಿಲ್ಲ, ಚಿತ್ರವಿಲ್ಲ, ನಮ್ಮ ಕಾಲದ ಒಬ್ಬರಿಗೂ ನಿಮ್ಮ ಹೆಸರು ಗೊತ್ತಿರುವುದಿಲ್ಲ. ಒಂದು ಕಡೆ ನಿಮ್ಮ ಹೆಸರು, ಇನ್ನೊಂದು ಕಡೆ ಕಾಣದ ಊರಿನ ಕಾಣದ ಹುಡುಗನೊಬ್ಬನ ಕಣ್ಣು. ಬೇಕೆಂದೇ ಮೊದಲು ನಿಮ್ಮ ಕೀರ್ತಿಯನ್ನು ವಿವರವಾಗಿ ಬರೆದೆ, ಆರಿಸಿಕೊಳ್ಳುವುದು ನಿಮಗೆ ಸುಲಭವಾಗಬಾರದು ಎಂದು.

ಹಿನ್ನಂಚೆಯ ರೀತಿ ವಿಚಿತ್ರ. ನಾನು ಇನ್ನೂ ಬರೆದು ಮುಗಿಸಿಲ್ಲ, ಆದರೆ ಪತ್ರ ನಿಮಗೆ ತಲುಪಿ ನೂರೆಪ್ಪತ್ತು ವರ್ಷಗಳಾದವು. ನೀವು ಏನು ಮಾಡಿದಿರಿ ಎಂದು ತಿಳಿಯಲು ನಾನು ಉತ್ತರಕ್ಕೆ ಕಾಯಬೇಕಾಗಿಲ್ಲ. ಈ ಮಧ್ಯಾಹ್ನ ದಸ್ತಗೀರ್ ತಂಗಿಯನ್ನು ನಾಳೆಯ ಪರೀಕ್ಷೆಗೆ ಬಿಡಲು ಬಂದಿದ್ದ. ಇಬ್ಬರಿಗೂ ರೊಟ್ಟಿ ಬಡಿಸಿದೆ. ಅವನು ತಲೆ ಎತ್ತಿ ನೀರು ಕೇಳಿದ. ನಾನು ಅವನ ಮುಖ ನೋಡಿದೆ.

ಬಲಗಣ್ಣು ಇರಲಿಲ್ಲ.

ನೀವು ಓದಿದಿರಿ, ಮಡಚಿಟ್ಟಿರಿ. ಇನ್ನು ನಾಳೆ ಏಣಿ ಹಿಡಿಯಲು ನಾನು ಹಿಂದೆಮುಂದೆ ನೋಡುವುದಿಲ್ಲ.

ಅಂಬಕ್ಕ ಹಾದಿಮನಿ
ಕಾವಲುಗುರು